'ವಸಂತ'ದಿಂದ ಹಕ್ಕಿಗಳವರೆಗೆ: ಕಾಡು ಸುತ್ತಿದ ಕಾರಂತರು

ಔರಾದ: ಹೋಳಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ ರಾಜ್ಯದ ಉತ್ತರದ ತುದಿಯಲ್ಲಿರುವ ಈ ತಾಲ್ಲೂಕಿನ ನೋಟವೇ ಬದಲಾಗಿರುತ್ತದೆ. ಜೋಳ, ಕಡಲೆಗಳ ರಾಶಿ ಮುಗಿದು ಹೊಲಗಳು ಬಯಲಾಗುತ್ತವೆ. ಎಲೆ ಉದುರಿಸಿಕೊಂಡ ಮುತ್ತುಗದ ಮರಗಳು ಕೆಂಡದ ಬಣ್ಣದ ಹೂ ಹೊತ್ತು ನಿಲ್ಲುತ್ತವೆ. ಬೇವು ಚಿಗುರುತ್ತದೆ. ಬೀದರ್, ಭಾಲ್ಕಿ, ಔರಾದ ಕಡೆಯ ಹುಲ್ಲುಗಾವಲು ಮತ್ತು ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡುಗಳು ನೀರು, ಮೇವು ಅರಸುತ್ತ ಅಲೆಯುತ್ತವೆ. ದಟ್ಟಡವಿಯನ್ನಷ್ಟೇ ಕಾಡೆಂದು ಬಗೆಯುವ ಕಣ್ಣಿಗೆ ಈ ಬಯಲು ಬರಿಯ ಬಂಜರು. ಹಸುವಿಗೆ ಮೇವನ್ನೂ ಒಲೆಗೆ ಕಟ್ಟಿಗೆಯನ್ನೂ ಜಿಂಕೆಗೆ ಆಸರೆಯನ್ನೂ ಕೊಡುವ ಇಂಥ ಸಾಮಾನ್ಯ ಭೂಮಿ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದವರಲ್ಲಿ ಎಂಬತ್ತು ದಾಟಿದ ಒಬ್ಬ ಕನ್ನಡ ಲೇಖಕರಿದ್ದರು. ಅವರೇ ಡಾ. ಕೋಟ ಶಿವರಾಮ ಕಾರಂತರು.

ಕಾರಂತರನ್ನು ನಾಡು ನೆನೆಯುವುದು 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಮೂಕಜ್ಜಿಯ ಕನಸುಗಳು' ಕಾದಂಬರಿಗಳ ಕರ್ತೃವಾಗಿ, ಯಕ್ಷಗಾನದ ಸಂಶೋಧಕರಾಗಿ. ಅವರ ಬಾಳಿನ ಉದ್ದಕ್ಕೂ ಹರಿದ ಇನ್ನೊಂದು ಎಳೆ ಮಾತ್ರ ಈ ಕೀರ್ತಿಯ ನೆರಳಿನಲ್ಲಿ ಉಳಿದುಹೋಗಿದೆ. ಅದು ಕಾಡು, ಪ್ರಾಣಿ, ಹಕ್ಕಿಗಳನ್ನು ಕಂಡು ಬಂದು ಬರೆದ, ಬರೆದದ್ದಕ್ಕಾಗಿ ಬೀದಿಗಿಳಿದ ಕಾರಂತರ ಕಥೆ.

ಕವಿತೆಯಿಂದ ಮೊದಲಾದ ಬರಹ

ಉಡುಪಿ ಸೀಮೆಯ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಕಾರಂತರು ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಕರಾವಳಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಒಂದು ತುದಿಯ ಕನ್ನಡಿಗನಿಗೆ ಮತ್ತೊಂದು ತುದಿಯ ನೆಲ ಪರದೇಶವೇ ಆಗಿತ್ತು.

ಕುಂದಾಪುರದಲ್ಲಿ ಪ್ರೌಢಶಾಲೆ ಮುಗಿಸಿ ಮಂಗಳೂರಿನ ಸರ್ಕಾರಿ ಕಾಲೇಜು ಸೇರಿದ ತರುಣ ಕಾರಂತರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದಿಗೆ ಬೆನ್ನು ತಿರುಗಿಸಿದರು. ಖಾದಿ ಪ್ರಚಾರ, ಪಾನನಿರೋಧ, ಸಮಾಜ ಸುಧಾರಣೆಯ ಕೆಲಸಗಳು ಅವರನ್ನು ಹಳ್ಳಿಯಿಂದ ಹಳ್ಳಿಗೆ ಅಲೆದಾಡಿಸಿದವು. ದಕ್ಷಿಣ ಕನ್ನಡದ ಗದ್ದೆಬಯಲು, ನದಿ ಕಣಿವೆ, ಘಟ್ಟದ ತಪ್ಪಲುಗಳ ಪರಿಚಯ ಅವರಿಗಾದದ್ದು ಈ ಕಾಲ್ನಡಿಗೆಯ ದಿನಗಳಲ್ಲಿಯೇ. ಆಮೇಲಿನ ಕಾದಂಬರಿಗಳಿಗೆ ಬೇಕಾದ ನೆಲವೂ ಜನವೂ ಈ ತಿರುಗಾಟದಲ್ಲಿ ಅವರಿಗೆ ದೊರೆತರು.

ಕಾದಂಬರಿಕಾರರೆಂದು ಹೆಸರಾದ ಕಾರಂತರ ಮೊದಲ ಪುಸ್ತಕ ಕವನ ಸಂಕಲನವೆಂಬುದು ಅನೇಕರಿಗೆ ಅಚ್ಚರಿ ತರಬಹುದು. ದೇಶಭಕ್ತಿಯ ಆವೇಶದಲ್ಲಿ ಹುಟ್ಟಿದ 'ರಾಷ್ಟ್ರಗೀತ ಸುಧಾಕರ' 1924ರಲ್ಲಿ ಹೊರಬಂತು. ಅದೇ ದಶಕದಲ್ಲಿ ಅವರು ಮಾಸಪತ್ರಿಕೆಯೊಂದನ್ನೂ ಆರಂಭಿಸಿದರು. ಅದಕ್ಕಿಟ್ಟ ಹೆಸರು 'ವಸಂತ'. ಕೈಯಲ್ಲಿ ಹಣವಿಲ್ಲದೆ, ಅನುಭವದ ಬೆಂಬಲವೂ ಇಲ್ಲದೆ ನಡೆಸಿದ ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ಬರೆದು ಬದುಕಬಹುದು, ಬರಹದ ಮೂಲಕವೇ ಸಮಾಜದೊಡನೆ ಜಗಳವಾಡಬಹುದು ಎಂಬ ಛಲ ಚಿಗುರಿದ್ದು ಅಲ್ಲಿಯೇ. ಮುಂದೆ 'ಸೀಳ್ಗವನಗಳು' ಎಂಬ ಸಂಕಲನವನ್ನೂ ತಂದರಾದರೂ ಕವಿತೆ ಅವರ ಮುಖ್ಯ ಮಾಧ್ಯಮವಾಗಿ ಉಳಿಯಲಿಲ್ಲ. ಋತುಮಾನಗಳನ್ನು, ಮರಗಿಡಗಳ ಚಲನವಲನವನ್ನು ಕಣ್ಣಿಟ್ಟು ನೋಡುವ ಕವಿಯ ಅಭ್ಯಾಸ ಮಾತ್ರ ಗದ್ಯದಲ್ಲಿ ಮುಂದುವರಿಯಿತು.

ಬಾಲವನದ ಪಾಠ

ಕಾರಂತರು ಪುತ್ತೂರಿನಲ್ಲಿ ನೆಲೆನಿಂತದ್ದು ಅವರ ಬದುಕಿನ ಮಹತ್ವದ ತಿರುವು. ಊರಿನ ಗುಡ್ಡದ ಮೇಲೆ ಅವರು ಕಟ್ಟಿಕೊಂಡ 'ಬಾಲವನ' ಸುಮಾರು ನಾಲ್ಕು ದಶಕಗಳ ಕಾಲ ಮನೆಯೂ ಪ್ರಯೋಗಶಾಲೆಯೂ ಆಗಿತ್ತು. ಮಕ್ಕಳಿಗೆ ಬೆತ್ತ ಮತ್ತು ಬಾಯಿಪಾಠದ ಬದಲು ಆಟ, ನಾಟಕ, ಚಿತ್ರ, ಪ್ರಕೃತಿಗಳ ಮೂಲಕ ಕಲಿಸಬೇಕೆಂಬ ಹಂಬಲದಿಂದ ಅವರು ಅಲ್ಲಿ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಪುತ್ತೂರಿನ ದಸರಾ ನಾಡಹಬ್ಬ ಅವರ ಉತ್ಸಾಹದಿಂದಾಗಿ ಹೊರಗಿನ ಸಾಹಿತಿಗಳನ್ನೂ ಸೆಳೆಯುವ ಉತ್ಸವವಾಯಿತು. 1936ರಲ್ಲಿ ಜಾತಿಯ ಗಡಿ ದಾಟಿ ಲೀಲಾ ಅವರನ್ನು ವಿವಾಹವಾದರು. ಐವತ್ತು ವರ್ಷಗಳ ದಾಂಪತ್ಯದಲ್ಲಿ ಲೀಲಾ ಕಾರಂತರು ಪತಿಯ ಸಾಹಸಗಳ, ಸಾಲಗಳ, ಸಿಟ್ಟುಗಳ ಭಾರವನ್ನೆಲ್ಲ ಹಂಚಿಕೊಂಡರು. 1986ರಲ್ಲಿ ಅವರು ತೀರಿಕೊಂಡರು. ಹಿರಿಯ ಮಗ ಹರ್ಷನ ಅಕಾಲ ಮರಣ ಅದಕ್ಕೂ ಬಹಳ ಮೊದಲೇ ಕುಟುಂಬಕ್ಕೆ ಬಂದೆರಗಿದ ಆಘಾತವಾಗಿತ್ತು.

ಮಕ್ಕಳಿಗಾಗಿ ಬರೆಯಹೊರಟಾಗ ಕಾರಂತರ ಕಣ್ಣಿಗೆ ಬಿದ್ದದ್ದು ಕನ್ನಡದಲ್ಲಿದ್ದ ದೊಡ್ಡ ಕೊರತೆ. ಭೂಮಿ, ಸಾಗರ, ಜೀವಿಗಳ ಕುರಿತು ಕನ್ನಡದಲ್ಲೇ ಓದಿ ತಿಳಿಯುವಂಥ ಪುಸ್ತಕಗಳು ಅಂದು ಬೆರಳೆಣಿಕೆಯಷ್ಟೂ ಇರಲಿಲ್ಲ. ಮೂರು ಸಂಪುಟಗಳ 'ಬಾಲ ಪ್ರಪಂಚ' ಈ ಕೊರತೆಗೆ ಅವರು ಕೊಟ್ಟ ಮೊದಲ ಉತ್ತರ. 1959ರಿಂದ 1964ರ ನಡುವೆ ಹೊರಬಂದ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಎರಡನೆಯದು. ಒಂದು ಸಂಸ್ಥೆ ಹತ್ತಾರು ಪಂಡಿತರನ್ನು ಕೂಡಿಸಿ ಮಾಡಬೇಕಾದ ಕೆಲಸವನ್ನು ಪದವಿಯಿಲ್ಲದ ಒಬ್ಬ ವ್ಯಕ್ತಿ ಏಕಾಂಗಿಯಾಗಿ ಮಾಡಿದ್ದರು. ರೇಚಲ್ ಕಾರ್ಸನ್ ಅವರ ಕಡಲಿನ ಕುರಿತ ಪ್ರಸಿದ್ಧ ಗ್ರಂಥವನ್ನು 'ನಮ್ಮ ಸುತ್ತಲಿನ ಕಡಲು' ಎಂದು ಕನ್ನಡಕ್ಕೆ ತಂದರು. 'ಹಿರಿಯ ಕಿರಿಯ ಹಕ್ಕಿಗಳು', 'ಪ್ರಾಣಿ ಪ್ರಪಂಚದ ವಿಸ್ಮಯಗಳು' ಮುಂತಾದ ಪುಸ್ತಕಗಳು ಬಳಿಕ ಬಂದವು. ಆ ಹೊತ್ತಿಗೆ ಅವರು ನಾಡಿನ ಮಕ್ಕಳ ಪಾಲಿಗೆ ಕಾರಂತಜ್ಜ ಆಗಿದ್ದರು. 'ತರಂಗ' ವಾರಪತ್ರಿಕೆಯ ಅಂಕಣದಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳಿಗೆ, ಅವು ನಕ್ಷತ್ರದ ಕುರಿತಿರಲಿ ಹಲ್ಲಿಯ ಕುರಿತಿರಲಿ, ತಾಳ್ಮೆಯಿಂದ ಉತ್ತರಿಸುತ್ತಿದ್ದರು. ದೊಡ್ಡವರ ಮೂರ್ಖತನವನ್ನು ಒಂದು ಗಳಿಗೆಯೂ ಸಹಿಸದ ಮನುಷ್ಯನಿಗೆ ಮಕ್ಕಳ ವಿಷಯದಲ್ಲಿ ಈ ತಾಳ್ಮೆ ಎಲ್ಲಿಂದ ಬರುತ್ತಿತ್ತೆಂಬುದು ಬಲ್ಲವರಿಗೂ ಸೋಜಿಗವಾಗಿತ್ತು.

ಬಾಲವನದಲ್ಲಿ ಬೆಳೆದ ಅವರ ಮಗ ಉಲ್ಲಾಸ ಕಾರಂತರು ಮುಂದೆ ನಾಗರಹೊಳೆಯ ಹುಲಿಗಳನ್ನು ಕುರಿತ ಅಧ್ಯಯನದಿಂದ ಜಗತ್ತಿನ ವನ್ಯಜೀವಿ ವಿಜ್ಞಾನಿಗಳ ಸಾಲಿನಲ್ಲಿ ನಿಂತರು. ತಂದೆ ಕನ್ನಡದ ಓದುಗರಿಗೆ ಪರಿಚಯಿಸಿದ ಜೀವಲೋಕವನ್ನು ಮಗ ವಿಜ್ಞಾನದ ಅಳತೆಗೋಲಿನಿಂದ ಅಳೆದರು.

ತಿರುಗಾಟವೇ ಗ್ರಂಥಾಲಯ

ಕಾರಂತರಿಗೆ ಪ್ರವಾಸ ವಿಶ್ರಾಂತಿಯ ಹೆಸರಾಗಿರಲಿಲ್ಲ. ದೇಶದ ಒಳಗಿನ ತಿರುಗಾಟ 'ಅಬೂವಿನಿಂದ ಬರಾಮಕ್ಕೆ' ಕೃತಿಯಾಯಿತು. ಯುರೋಪಿನ ಅನುಭವ 'ಅಪೂರ್ವ ಪಶ್ಚಿಮ'ವಾಯಿತು. ಮತ್ತೊಂದು ದೂರದ ಪಯಣ 'ಪಾತಾಳಕ್ಕೆ ಪಯಣ'ವೆಂಬ ಹೆಸರು ಪಡೆಯಿತು. ಶಿಲ್ಪ, ಚಿತ್ರ, ನೃತ್ಯಗಳನ್ನು ನೋಡಲು ಹೊರಟ ದಾರಿಯಲ್ಲೇ ನದಿ, ಬೆಟ್ಟ, ಪ್ರಾಣಿಗಳೂ ಅವರ ನೋಟಕ್ಕೆ ಬೀಳುತ್ತಿದ್ದವು.

ದೂರ ದೇಶಗಳಿಗಿಂತ ಹೆಚ್ಚಾಗಿ ಅವರ ಬರಹವನ್ನು ರೂಪಿಸಿದ್ದು ಮನೆಯ ಹಿಂದಿನ ಘಟ್ಟವೇ. 1943ರಲ್ಲಿ ಪ್ರಕಟವಾದ 'ಬೆಟ್ಟದ ಜೀವ' ಸುಬ್ರಹ್ಮಣ್ಯದ ಸುತ್ತಲಿನ, ಕುಮಾರಪರ್ವತದ ತಪ್ಪಲಿನ ಕಥೆ. ಕಾಡಿನಲ್ಲಿ ದಾರಿ ತಪ್ಪಿದ ತರುಣನೊಬ್ಬನಿಗೆ ಆಸರೆ ಕೊಡುವ ಗೋಪಾಲಯ್ಯ, ಶಂಕರಿ ದಂಪತಿ ಕನ್ನಡ ಸಾಹಿತ್ಯದ ಮರೆಯಲಾಗದ ಪಾತ್ರಗಳು. ಗೋಪಾಲಯ್ಯ ಕಾಡು ಕಡಿದು ತೋಟ ಎಬ್ಬಿಸಿದ ಸಾಹಸಿ. ಮನುಷ್ಯನ ದುಡಿಮೆಗೆ, ಛಲಕ್ಕೆ ಆ ಕಾದಂಬರಿ ತಲೆಬಾಗುತ್ತದೆ. 1951ರ 'ಕುಡಿಯರ ಕೂಸು' ಕಾದಂಬರಿಯಲ್ಲಿ ಕಾಡು ಬೇರೆಯದೇ ಮುಖ ತೋರುತ್ತದೆ. ಅಲ್ಲಿ ಅದು ಗೆಲ್ಲಬೇಕಾದ ಎದುರಾಳಿಯಲ್ಲ, ಮಲೆಕುಡಿಯರ ಮನೆ. ಅವರ ಬೇಟೆ, ನಂಬಿಕೆ, ಪ್ರೀತಿ, ಹಗೆಗಳೆಲ್ಲ ಆ ಕಾಡಿನೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ಅದೇ ವರ್ಷದ 'ಚಿಗುರಿದ ಕನಸು' ನಗರದಲ್ಲಿ ಬೆಳೆದ ತರುಣನೊಬ್ಬ ಹಿರಿಯರ ನೆಲವನ್ನು ಅರಸಿಕೊಂಡು ಬರುವ ಕಥೆ.

ಕಾಡು ಕಡಿದವನನ್ನು ನಾಯಕನನ್ನಾಗಿಸಿ ಬರೆದ ಕೈ, ನಾಲ್ಕು ದಶಕಗಳ ಬಳಿಕ ಕಾಡು ಕಡಿಯುವುದರ ವಿರುದ್ಧ ಎತ್ತಿದ ಕೈಯೂ ಆಯಿತು. ಇದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ನಾಲ್ಕು ದಶಕಗಳಲ್ಲಿ ಘಟ್ಟವೇ ಬದಲಾಗಿತ್ತು. ಗೋಪಾಲಯ್ಯನ ಕೈಯಲ್ಲಿದ್ದದ್ದು ಕತ್ತಿ, ಗುದ್ದಲಿ. ಅವನ ಕಾಡಿಗೆ ಕೊನೆಯೇ ಇದ್ದಂತಿರಲಿಲ್ಲ. 1980ರ ಹೊತ್ತಿಗೆ ಅಣೆಕಟ್ಟು, ಗಣಿ, ಕಾರ್ಖಾನೆ, ನೆಡುತೋಪುಗಳು ಅದೇ ಕಾಡನ್ನು ಎಲ್ಲ ಕಡೆಯಿಂದಲೂ ಮೆಲ್ಲುತ್ತಿದ್ದವು. ಬೇಟೆಯನ್ನು ಪೌರುಷವೆಂದು ಕಂಡಿದ್ದ ದೇಶ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ತರಬೇಕಾಗಿ ಬಂದಿತ್ತು. ಕಂಡದ್ದು ಬದಲಾದಾಗ ಅಭಿಪ್ರಾಯವನ್ನೂ ಬದಲಿಸಿಕೊಳ್ಳಲು ಕಾರಂತರು ಎಂದೂ ಹಿಂಜರಿದವರಲ್ಲ.

ಬೀದಿಗಿಳಿದ ಹಿರಿಯ

ಅಧಿಕಾರದ ಎದುರು ನಿಲ್ಲುವುದು ಕಾರಂತರಿಗೆ ಹೊಸತೇನೂ ಆಗಿರಲಿಲ್ಲ. 1975ರಲ್ಲಿ ದೇಶದ ಮೇಲೆ ತುರ್ತು ಪರಿಸ್ಥಿತಿ ಹೇರಲಾದಾಗ ಅದನ್ನು ಪ್ರತಿಭಟಿಸಿ ತಮಗೆ ದೊರೆತಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು. 1977ರ ಜ್ಞಾನಪೀಠ ಪ್ರಶಸ್ತಿ 'ಮೂಕಜ್ಜಿಯ ಕನಸುಗಳು' ಕೃತಿಗೆ ಸಂದಾಗ ಅವರಿಗೆ ಎಪ್ಪತ್ತೈದು ವರ್ಷ. ಆ ವೇಳೆಗೆ ಪುತ್ತೂರಿನಿಂದ ಹುಟ್ಟೂರಿನ ಬಳಿಯ ಸಾಲಿಗ್ರಾಮಕ್ಕೆ ವಾಸ ಬದಲಿಸಿದ್ದರು. ಸನ್ಮಾನದ ಶಾಲುಗಳನ್ನು ಹೊದ್ದು ಕುಳಿತುಕೊಳ್ಳಬಹುದಾಗಿದ್ದ ಆ ವಯಸ್ಸಿನಲ್ಲಿ ಅವರ ಬಾಳಿನ ಅತ್ಯಂತ ಕಠಿಣ ಹೋರಾಟಗಳು ಆರಂಭವಾದವು.

ಉತ್ತರ ಕನ್ನಡದ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಅಡಿಕೆ ಬೆಳೆಗಾರರು, ವಿಜ್ಞಾನಿಗಳು ಕೂಡಿ ಎತ್ತಿದ ಆಕ್ಷೇಪದಲ್ಲಿ ಕಾರಂತರ ದನಿಯೂ ಸೇರಿತ್ತು. ನೆರೆಯ ಕೇರಳದಲ್ಲಿ ಸೈಲೆಂಟ್ ವ್ಯಾಲಿಯ ಮಳೆಕಾಡಿಗಾಗಿ ಸುಗತಕುಮಾರಿಯವರಂಥ ಕವಿಗಳು ಬೀದಿಗಿಳಿದ ಕಾಲವದು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಹಳ್ಳಿಗರು ಮರಗಳನ್ನಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದೇಶದ ಪರಿಸರದ ಸ್ಥಿತಿಗತಿ ಕುರಿತು 1982ರಲ್ಲಿ ನಾಗರಿಕರ ವರದಿಯನ್ನು ಹೊರತಂದಾಗ ಅದನ್ನು ಕನ್ನಡಕ್ಕೆ ಅನುವಾದಿಸಿದವರು ಎಂಬತ್ತು ದಾಟಿದ ಕಾರಂತರೇ. ಇಂಗ್ಲಿಷ್ ಬಾರದ ರೈತನಿಗೂ ಮೇಷ್ಟರಿಗೂ ಗೊತ್ತಾಗದ ಸತ್ಯದಿಂದ ಚಳವಳಿ ಹುಟ್ಟದೆಂಬುದು ಅವರ ನಿಲುವಾಗಿತ್ತು.

ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಯ ಪ್ರಕರಣ ಈ ಹೋರಾಟಗಳಲ್ಲಿ ಬಹಳ ದೂರ ಹೋದದ್ದು. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ ಕಚ್ಚಾವಸ್ತು ಒದಗಿಸಲು ರಾಜ್ಯ ಸರ್ಕಾರ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಹಾಕಿ 1984ರಲ್ಲಿ ಜಂಟಿ ಕಂಪನಿಯೊಂದನ್ನು ಸ್ಥಾಪಿಸಿತು. ಕಾಗದದ ಮೇಲೆ ಅದು ಪಾಳುಭೂಮಿ. ಹಳ್ಳಿಗರಿಗೆ ಅದೇ ದನ ಮೇಯುವ ಗೋಮಾಳ, ಸೌದೆ ಆಯುವ ಗುಡ್ಡ, ಸೊಪ್ಪು ತರುವ ಬೆಟ್ಟ. ದನ ಬಾಯಿಡದ, ಹಕ್ಕಿ ಗೂಡು ಕಟ್ಟಲು ಹಿಂಜರಿಯುವ ನೀಲಗಿರಿಯಿಂದ ಅವರಿಗೆ ಸಿಗುವುದೇನೂ ಇರಲಿಲ್ಲ. ಧಾರವಾಡ ಜಿಲ್ಲೆಯ ಸಮಾಜ ಪರಿವರ್ತನ ಸಮುದಾಯ ಈ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿದಾಗ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹದಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ನ್ಯಾಯಾಲಯದ ಹೊರಗೂ ಒಳಗೂ ವರ್ಷಗಟ್ಟಲೆ ನಡೆದ ಹೋರಾಟದ ಫಲವಾಗಿ 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು ಬಹಳ ತಡವಾಗಿ, 2017ರಲ್ಲಿ.

ಕೈಗಾ ಮತ್ತು ಸೋಲು

ಎಲ್ಲ ಹೋರಾಟಗಳೂ ಗೆಲುವಿನಲ್ಲಿ ಕೊನೆಗೊಳ್ಳಲಿಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಕಾಳಿ ನದಿಯ ದಂಡೆಯ ದಟ್ಟ ಕಾಡಿನ ನಡುವೆ ಅಣು ವಿದ್ಯುತ್ ಸ್ಥಾವರ ಕಟ್ಟಲು ಕೇಂದ್ರ ಸರ್ಕಾರ ಮುಂದಾದಾಗ ಕಾರಂತರು ಅದನ್ನು ಬಲವಾಗಿ ವಿರೋಧಿಸಿದರು. ಅಣುಶಕ್ತಿಯ ಅಪಾಯಗಳನ್ನು ಕುರಿತು ಓದಿದರು, ಬರೆದರು, ಊರೂರು ತಿರುಗಿ ಭಾಷಣ ಮಾಡಿದರು. 1986ರ ಚೆರ್ನೋಬಿಲ್ ದುರಂತದ ನೆನಪು ಹಸಿಯಾಗಿದ್ದ ದಿನಗಳವು. 1989ರ ಲೋಕಸಭಾ ಚುನಾವಣೆಯಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟು, ಎಂಬತ್ತೇಳನೆಯ ವಯಸ್ಸಿನಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಪಕ್ಷದ ಬಲವಾಗಲಿ ಹಣದ ಬಲವಾಗಲಿ ಅವರ ಬೆನ್ನಿಗಿರಲಿಲ್ಲ. ಜ್ಞಾನಪೀಠ ಪುರಸ್ಕೃತನ ಮಾತನ್ನು ಜನ ಕಿವಿಗೊಟ್ಟು ಕೇಳಿದರು. ಮತಗಳು ಮಾತ್ರ ಬೇರೆಡೆ ಬಿದ್ದವು.

ಸ್ಥಾವರದ ಕಾಮಗಾರಿ ನಿಲ್ಲಲಿಲ್ಲ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗ ಕುಸಿದಾಗ ವಿರೋಧಿಗಳ ಆತಂಕ ಮತ್ತೆ ಚರ್ಚೆಗೆ ಬಂತು. ಲೋಪ ಸರಿಪಡಿಸಿ 2000ದಲ್ಲಿ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ನಂತರ ಇನ್ನೆರಡು ಸೇರಿ ಇಂದು ಅಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರಲ್ಲಿ 962 ದಿನಗಳ ನಿರಂತರ ಉತ್ಪಾದನೆಯ ವಿಶ್ವದಾಖಲೆಯನ್ನೂ ಬರೆಯಿತು. ಕಾರಂತರು ಭಯಪಟ್ಟಂಥ ಮಹಾದುರಂತ ಕೈಗಾದಲ್ಲಿ ನಡೆದಿಲ್ಲ. ಆದರೆ ಅವರ ವಿರೋಧ ಅಪಾಯದ ಭಯಕ್ಕಷ್ಟೇ ಸೀಮಿತವಾಗಿರಲಿಲ್ಲ. ಒಂದು ನದಿಯ, ಒಂದು ಕಾಡಿನ, ಒಂದು ಜನಸಮುದಾಯದ ಭವಿಷ್ಯವನ್ನು ಅಲ್ಲಿನವರನ್ನು ಕೇಳದೆಯೇ ದೂರದಲ್ಲಿ ಕುಳಿತು ತೀರ್ಮಾನಿಸಬಹುದೇ ಎಂಬುದು ಅವರ ಮೂಲ ಪ್ರಶ್ನೆಯಾಗಿತ್ತು. ಚುನಾವಣೆಯ ಸೋಲಿನಿಂದ ಆ ಪ್ರಶ್ನೆ ಬಿದ್ದುಹೋಗಲಿಲ್ಲ. ಬೃಹತ್ ಯೋಜನೆ ಎಲ್ಲಿ ಬಂದರೂ ಅದು ಮತ್ತೆ ಎದ್ದು ನಿಲ್ಲುತ್ತದೆ.

ಕೊನೆಯ ಹಸ್ತಪ್ರತಿ

ಕಾರಂತರ ಸ್ವಭಾವದ ಒರಟುತನವನ್ನು ಅವರ ಅಭಿಮಾನಿಗಳೂ ಮುಚ್ಚಿಟ್ಟವರಲ್ಲ. ದೇವರು, ಜಾತಿ, ಮಠ, ಸರ್ಕಾರ ಯಾವುದನ್ನೂ ಅವರ ನಾಲಿಗೆ ಬಿಡುತ್ತಿರಲಿಲ್ಲ. ಕೈ ಹಾಕಿದ ಸಾಹಸಗಳಲ್ಲಿ ಕೈಸುಟ್ಟುಕೊಂಡದ್ದೂ ಉಂಟು. ತಮ್ಮ ಆತ್ಮಕಥನಕ್ಕೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟವರಿಗೆ ತಮ್ಮ ಮಿತಿಗಳ ಅರಿವು ಇದ್ದೇ ಇತ್ತು. ಅದೇ ಮನಸ್ಸು ನಲವತ್ತೇಳು ಕಾದಂಬರಿಗಳನ್ನೂ ನಾಟಕ, ಪ್ರಬಂಧ, ಕೋಶ, ವಿಜ್ಞಾನ ಗ್ರಂಥಗಳನ್ನೂ ಕನ್ನಡಕ್ಕೆ ಕೊಟ್ಟಿತು.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ಕೊನೆಯುಸಿರೆಳೆದರು. ಆಗ ಅವರಿಗೆ ತೊಂಬತ್ತೈದು ತುಂಬಿತ್ತು. ಆ ವಯಸ್ಸಿನಲ್ಲಿ ಅವರ ಕೈಯಲ್ಲಿದ್ದ ಬರಹ ಹೊಸ ಕಾದಂಬರಿಯಾಗಿರಲಿಲ್ಲ, ಆತ್ಮಕಥೆಯ ಮುಂದುವರಿಕೆಯೂ ಆಗಿರಲಿಲ್ಲ. ಅದು ಹಕ್ಕಿಗಳನ್ನು ಕುರಿತ ಪುಸ್ತಕ. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 2002ರಲ್ಲಿ ಪ್ರಕಟಿಸಿತು. 'ವಸಂತ'ವೆಂಬ ಪತ್ರಿಕೆಯಿಂದ ಹೊರಟ ಬರಹದ ಹಾದಿ ಹಕ್ಕಿಗಳ ಬಳಿಗೆ ಬಂದು ನಿಂತಿತ್ತು.

ಔರಾದದ ಬಯಲಿನಲ್ಲಿ ಈ ವಸಂತದಲ್ಲೂ ಮುತ್ತುಗ ಅರಳಿದೆ. ಬೆಳೆ ಕಳೆದುಕೊಳ್ಳುವ ರೈತನ ಸಂಕಟಕ್ಕೂ ನೆಲೆ ಕಳೆದುಕೊಳ್ಳುವ ಕೃಷ್ಣಮೃಗದ ಸಂಕಟಕ್ಕೂ ಒಟ್ಟಿಗೆ ಪರಿಹಾರ ಹುಡುಕುವ ಕೆಲಸ ಬಾಕಿಯಿದೆ. ಬಂಜರೆಂದು ದಾಖಲೆಯಲ್ಲಿ ಬರೆದ ಮಾತ್ರಕ್ಕೆ ನೆಲ ಬರಿದಾಗುವುದಿಲ್ಲ ಎಂಬ ಪಾಠವನ್ನು ಕಡಲ ತೀರದ ಆ ಹಿರಿಯರು ನಾಡಿಗೆಲ್ಲ ಬಿಟ್ಟುಹೋಗಿದ್ದಾರೆ. ಘಟ್ಟದ ಹಳ್ಳಿಗರಂತೆ ಮಾಂಜ್ರಾ ತೀರದ ರೈತರಿಗೂ ಅದು ಸಲ್ಲುತ್ತದೆ.